ಹೋರಿಯನ್ನು ಮಣಿಸುವುದೋ ಪಳಗಿಸುವುದೋ: ಔರಾದಿನ ತಮ್ಮನಿಗೆ ಉತ್ತರ

ಶರಣು ತಮ್ಮಾ. ನಿನ್ನ ಎರಡೂವರೆ ವರ್ಷದ ದೇವಣಿ ತಳಿಯ ಹೋರಿ ನೊಗ ಕಂಡರೆ ಹಿಂದೆ ಸರಿಯುತ್ತದೆ, ನಮ್ಮ ಆನ್‌ಲೈನ್ ಗುಂಪಿನಲ್ಲಿ ನಾಲ್ಕು ಜನ "ಮಣಿಸು" ಎಂದರು, ಮನೆಯಲ್ಲಿ ಅಪ್ಪ "ಪಳಗಿಸು" ಎನ್ನುತ್ತಾರೆ, ಎರಡೂ ಒಂದೇ ಅಲ್ಲವೇ ಎಂದು ಕೇಳಿದ್ದೀಯ. ಅಲ್ಲ. ಭಾಲ್ಕಿ ಕಡೆ ಮೂವತ್ತು ವರ್ಷ ಎತ್ತು ಕಟ್ಟಿದವನು ನಾನು. ಈ ಎರಡು ಮಾತು ಬೇರೆ ಎಂದು ತಿಳಿಯಲು ನನ್ನದೇ ಒಂದು ಹೋರಿಯನ್ನು ಕೆಡಿಸಿಕೊಳ್ಳಬೇಕಾಯಿತು.

ಮೊದಲು ಮಾತಿನ ವಿಚಾರ. ಮಣಿ ಎಂದರೆ ಬಾಗು. ಅದಕ್ಕೆ "ಇಸು" ಸೇರಿದರೆ ಮಣಿಸು: ಬಾಗುವ ಹಾಗೆ ಮಾಡು. ಅಂದರೆ ಬಾಗುವವನು ಒಬ್ಬ, ಬಾಗಿಸುವವನು ಇನ್ನೊಬ್ಬ. ಸರ್ಕಾರ ಒತ್ತಡಕ್ಕೆ ಮಣಿಯಿತು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಮಣಿಯುವವನ ಎದುರಿಗೆ ಯಾವಾಗಲೂ ಒಂದು "ಕ್ಕೆ" ಇಲ್ಲವೇ "ಗೆ" ನಿಂತಿರುತ್ತದೆ: ಒತ್ತಡಕ್ಕೆ, ಬೆದರಿಕೆಗೆ, ಹಟಕ್ಕೆ. ಆ ಒತ್ತಡ ಎದ್ದುಹೋದ ದಿನ ಬಾಗಿದ್ದು ಮತ್ತೆ ನೆಟ್ಟಗಾಗುತ್ತದೆ. ಕ್ರಿಕೆಟ್ ಪುಟದಲ್ಲಿ ಒಂದು ತಂಡ ಇನ್ನೊಂದನ್ನು ಮಣಿಸುತ್ತದೆ, ಕುಸ್ತಿ ಕಣದಲ್ಲಿ ಪೈಲ್ವಾನ ಪೈಲ್ವಾನನನ್ನು ಮಣಿಸುತ್ತಾನೆ. ಅಲ್ಲಿ ಅದು ಸರಿಯಾದ ಮಾತೇ. ಸೋತವನು ಮುಂದಿನ ಪಂದ್ಯಕ್ಕೆ ಮತ್ತೆ ಎದುರಾಳಿಯಾಗಿಯೇ ಬರುತ್ತಾನೆ, ಗೆದ್ದವನ ಜೊತೆ ಕೆಲಸ ಮಾಡಲು ಬರುವುದಿಲ್ಲ. ನಮ್ಮ ಕಡೆ ಸೆಪ್ಟೆಂಬರ್ 17ರ ಭಾಷಣಗಳಲ್ಲಿಯೂ ಈ ಮಾತು ಬರುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ನಮ್ಮ ಬೀದರ ಸೇರಿದ್ದ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು, 17ರ ಹೊತ್ತಿಗೆ ನಿಜಾಮರು ಸೋಲೊಪ್ಪಿದರು. ನಿಜಾಮರನ್ನು ಮಣಿಸಿದರು ಎನ್ನುತ್ತೇವೆ. ಪಳಗಿಸಿದರು ಎಂದರೆ ಸಭೆಯಲ್ಲಿ ಕುಳಿತವರು ನಕ್ಕಾರು.

ಪಳಗು ಎಂಬುದು ರೂಢಿಯ ಮಾತು. ತಮಿಳಿನಲ್ಲಿಯೂ ಇದೇ ಧಾತುವಿಗೆ ಒಗ್ಗಿಕೊಳ್ಳುವುದು, ಸಲಿಗೆಯಿಂದಿರುವುದು ಎಂಬ ಅರ್ಥವಿದೆ. ಚೆನ್ನಾಗಿ ರೊಟ್ಟಿ ಬಡಿಯುವ ಹೆಂಗಸಿನದು "ಪಳಗಿದ ಕೈ". ಮಣಿದ ಕೈ ಎಂದು ಯಾರನ್ನಾದರೂ ಹೊಗಳಿದ್ದನ್ನು ಕೇಳಿದ್ದೀಯಾ? ದನದ ಸಂತೆಗೆ ಹೋಗಿ ನೋಡು. ಮಾರುವವನು "ಪಳಗಿದ ಎತ್ತು, ಮಕ್ಕಳು ಹಿಡಿದರೂ ಬರುತ್ತದೆ" ಎನ್ನುತ್ತಾನೆ. ಮಣಿಸಿದ ಎತ್ತು ಎಂದು ಬಾಯಿ ಬಿಟ್ಟರೆ ಕೊಳ್ಳುವವನು ಮೊದಲು ಅದರ ಬೆನ್ನಿನ ಬಾಸುಂಡೆ ಹುಡುಕುತ್ತಾನೆ.

ಗುಂಪಿನಲ್ಲಿ ಒಬ್ಬರು "ಹೆಡೆಮುರಿ ಕಟ್ಟಿ ನೊಗ ಹಾಕು" ಎಂದೂ ಬರೆದಿದ್ದಾರೆ. ಆ ಮಾತಿಗೂ ಹಾವಿನ ಹೆಡೆಗೂ ಸಂಬಂಧವಿಲ್ಲ. ಹೆಡ ಎಂದರೆ ಹಿಂದೆ (ಹೆಡತಲೆ ಎನ್ನುವುದಿಲ್ಲವೇ, ಹಾಗೆ), ಕೈಗಳನ್ನು ಬೆನ್ನ ಹಿಂದೆ ತಿರುಚಿ ಕಟ್ಟುವುದೇ ಹೆಡಮುರಿ. ಕಳ್ಳನಿಗೆ ಸರಿ, ಹೋರಿಗೆ ಬೇಡ.

ಒತ್ತಾಯಕ್ಕೆ ನಮ್ಮ ಕಡೆ ಹೇಳುವ ಇನ್ನೊಂದು ಮಾತು ಜುಲುಮೆ. ಅರಬ್ಬಿಯ ಜುಲ್ಮ್ ಎಂದರೆ ಅನ್ಯಾಯ, ದಬ್ಬಾಳಿಕೆ. ಉರ್ದುವಿನ ಜೊತೆ ನಮ್ಮ ಬಾಯಿಗೆ ಬಂದ ಮೇಲೆ ಅದರ ಕೊಂಬು ಸವೆದುಹೋಗಿದೆ. ಮದುವೆ ಮನೆಯಲ್ಲಿ ಜುಲುಮೆ ಮಾಡಿ ಇನ್ನೊಂದು ಹೋಳಿಗೆ ಬಡಿಸುತ್ತಾರೆ, ತಿನ್ನುತ್ತೇವೆ, ಬೇಸರವಿಲ್ಲ. ಆದರೆ "ಜುಲುಮೆಯಿಂದ ಹೂಡಿದೆ" ಎಂದರೆ ಅಲ್ಲಿ ಹೋಳಿಗೆಯ ಪ್ರೀತಿ ಇಲ್ಲ.

ನನ್ನ ಹೋರಿಯ ಕಥೆ ಇಷ್ಟೇ. ಕಾರಹುಣ್ಣಿಮೆ ಹತ್ತಿರ ಬಂದಿತ್ತು, ಮುಂಗಾರಿಗೆ ಜೋಡಿ ಬೇಕಿತ್ತು, ಅವಸರ. ಮೂವರು ಸೇರಿ ಹಗ್ಗ ಹಾಕಿ, ಮೂಗುದಾರ ಜಗ್ಗಿ, ಬಾಲ ತಿರುಚಿ ಒಂದೇ ದಿನದಲ್ಲಿ ನೊಗ ಹೊರಿಸಿದೆವು. ಹೊತ್ತಿತು. ಹತ್ತು ಹೆಜ್ಜೆ ನಡೆದು ಸಾಲಿನಲ್ಲಿಯೇ ಮಲಗಿತು. ಹೊಡೆದರೂ ಏಳಲಿಲ್ಲ, ಕಣ್ಣು ಅರೆ ಮುಚ್ಚಿ, ಕುತ್ತಿಗೆ ಮಣ್ಣಿಗೆ ಚಾಚಿ ಸುಮ್ಮನೆ ಉಸಿರಾಡುತ್ತಿತ್ತು. ಮರುದಿನದಿಂದ ಜತ್ತಿಗೆಯ (ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಪಟ್ಟಿ) ಸಪ್ಪಳ ಕೇಳಿದರೆ ಸಾಕು, ಕೊಟ್ಟಿಗೆಯಲ್ಲಿಯೇ ಮಲಗಿಬಿಡುತ್ತಿತ್ತು. ಹೋರಿ ಪೂರ್ತಿ ಮಣಿದಿತ್ತು, ನನಗೆ ಎತ್ತು ಮಾತ್ರ ಸಿಗಲಿಲ್ಲ. ಆ ವರ್ಷ ಬಾಡಿಗೆ ಜೋಡಿಯಲ್ಲಿ ಬಿತ್ತನೆ ಮುಗಿಸಿದೆ.

ಅದನ್ನು ಸರಿಮಾಡಿದವರು ನಮ್ಮ ಸೋದರಮಾವ. ಅವರು ಮಾಡಿದ್ದನ್ನೇ ನಿನಗೆ ಹೇಳುತ್ತೇನೆ. ಮೊದಲ ಎಂಟು ದಿನ ಹೊಲದ ಸುದ್ದಿಯೇ ಬೇಡ. ಹೋರಿ ಗೋದಲಿಯಲ್ಲಿ ಕಣಿಕೆ (ಜೋಳದ ದಂಟಿನ ಮೇವು) ತಿನ್ನುವಾಗ ಪಕ್ಕದಲ್ಲಿ ನೊಗ ಇಡು, ಮೂಸಲಿ. ತಿನ್ನುತ್ತಿರುವಾಗಲೇ ಹೆಗಲ ಮೇಲೆ ಕೈ ಆಡಿಸು, ಆಮೇಲೆ ನೊಗವನ್ನು ಅಲ್ಲಿಯೇ ಎರಡು ನಿಮಿಷ ಇಟ್ಟು ತೆಗೆ, ತೆಗೆದ ಕೂಡಲೇ ಒಂದು ತುಂಡು ಬೆಲ್ಲ. ನಂತರ ಸಮಾಧಾನದ ಮುದಿ ಎತ್ತಿನ ಜೊತೆ ಜೋಡಿ ಕಟ್ಟಿ ಬರಿ ನೊಗದಲ್ಲಿ ಅಂಗಳ ಸುತ್ತಿಸು. ಎಡಕ್ಕೆ ಕಟ್ಟಿದರೆ ದಿನವೂ ಎಡಕ್ಕೇ ಕಟ್ಟು, ಬದಲಾಯಿಸಬೇಡ. ಅದು ನೆಟ್ಟಗಾದ ಮೇಲೆ ಹಗುರವಾದ ಕಟ್ಟಿಗೆಯ ದಿಂಡೊಂದನ್ನು ಹಿಂದೆ ಎಳೆಸು, ಬೆಳಗಿನ ತಂಪಿನಲ್ಲಿ ಮಾತ್ರ. ಕುಂಟೆ ಹೂಡುವುದು ಅದಾದ ಬಳಿಕ, ಬಂಡಿ ಎಲ್ಲಕ್ಕಿಂತ ಕೊನೆಗೆ. ನಿಲ್ಲಿಸುವುದು ಹೋರಿ ದಣಿದು ಹಟ ಹಿಡಿದಾಗ ಅಲ್ಲ, ಅದು ಚೆನ್ನಾಗಿ ನಡೆಯುತ್ತಿರುವಾಗಲೇ. ಹಟ ಹಿಡಿದಾಗ ನೊಗ ಇಳಿಸಿದರೆ ಹಟದ ಪಾಠ ಕಲಿಸಿದ ಹಾಗೆ. ಇದನ್ನು ಬಹಳ ಜನ ತಪ್ಪುತ್ತಾರೆ.

ದೇವಣಿ ಸಹಜವಾಗಿ ಸೌಮ್ಯ ತಳಿ. ಬಿಳಿ ಮೈ ಮೇಲೆ ಕಪ್ಪು ಮಚ್ಚೆಯ ಶೇವೇರಾ ಇರಲಿ, ಪೂರ್ತಿ ಬಿಳಿಯ ಬಾಲಂಕ್ಯಾ ಇರಲಿ, ಕಾರಣವಿಲ್ಲದೆ ಹಿಂದೆ ಸರಿಯುವುದು ಕಡಿಮೆ. ಹಾಗಾಗಿ ನಿನ್ನ ಹೋರಿಗೆ ಹಟವಿದೆ ಎಂದು ತೀರ್ಮಾನಿಸುವ ಮೊದಲು ಹೆಗಲು ನೋಡು. ಗುಂಪಿಗೆ ನೀನು ಹಾಕಿದ ಫೋಟೊದಲ್ಲಿ ಮುಖ ಮಾತ್ರ ಕಾಣುತ್ತಿದೆ. ನೊಗ ಕೂರುವ ಜಾಗವನ್ನು ಬೆಳಕಿನಲ್ಲಿ, ಹತ್ತಿರದಿಂದ ತೆಗೆದು ಹಾಕು. ಬಾವೋ ಬಿಸಿಯೋ ಇದ್ದರೆ ಪಶುವೈದ್ಯರಿಗೆ ತೋರಿಸು, ಅದು ಮಾಯುವ ತನಕ ನೊಗವನ್ನು ಹತ್ತಿರ ತರಬೇಡ.