ಆ ‘ತಕ್ಷಣ’ ಎಲ್ಲಿಂದ ಬಂತು?

ಪ್ರಿಯ ಸಹೋದರರೇ,

ನಿಮ್ಮ ‘ದೇವರನ್ನು ಹುಡುಕುತ್ತಾ’ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ಹೇಳಿದ ದಿನಕ್ಕೆ ಕಳಿಸಿದ್ದೀರಿ. ಸಂತೋಷ. ಆದರೆ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂದಿತ್ತು. ಯಾಕೆ ಅಂತ ಹೇಳಿಬಿಡುತ್ತೇನೆ.

ಶುರುವಿಗೇ ಬೈಬಲ್ಲಿನ ಯೆರೆಮೀಯ 29:13 ಹಾಕಿದ್ದೀರಿ. ಮನಸಾರೆ ಹುಡುಕಿದರೆ ನಾನು ಸಿಗುತ್ತೇನೆ ಎಂದು ದೇವರು ಹೇಳುವ ಮಾತು. ಅದರ ಕೆಳಗೆ ನಿಮ್ಮ ಸಾಲು: ‘ಆದ್ದರಿಂದ ಹುಡುಕುವವನಿಗೆ ದೇವರು ತಕ್ಷಣ ಉತ್ತರ ಕೊಡುತ್ತಾನೆ.’ ಈ ‘ತಕ್ಷಣ’ ಎಲ್ಲಿಂದ ಬಂತು? ವಚನದಲ್ಲಂತೂ ಇಲ್ಲ.

ಅದು ಒಂದು ಪತ್ರದ ಸಾಲು. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರನು ಯೆರೂಸಲೇಮಿನ ರಾಜನನ್ನು, ಜೊತೆಗೆ ಕುಶಲಕರ್ಮಿಗಳನ್ನೂ ಕಮ್ಮಾರರನ್ನೂ ಬಾಬೆಲಿಗೆ ಸೆರೆ ಒಯ್ದಿದ್ದ. ಯೆರೂಸಲೇಮಿನಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಆ ಸೆರೆಯವರಿಗೆ ಬರೆದ ಪತ್ರ ಇದು. ಇನ್ನೆರಡು ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಎಂದು ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ನಿಂತು ಸಾರಿದ್ದ. ಜನಕ್ಕೆ ಬೇಕಾಗಿದ್ದದ್ದೂ ಅದೇ ಮಾತು. ಯೆರೆಮೀಯ ಎಪ್ಪತ್ತು ವರ್ಷ ಎಂದು ಬರೆದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಊರಿನ ಒಳ್ಳೆಯದಕ್ಕೇ ಪ್ರಾರ್ಥಿಸಿ ಎಂದ. ಇಷ್ಟೆಲ್ಲ ಆದಮೇಲೆ ಬರುತ್ತದೆ ನಿಮ್ಮ 13ನೇ ವಚನ. ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಅಲ್ಲೇ ಮಣ್ಣಾಗುವವರು. ತಮ್ಮ ದೇವಾಲಯ ಇಲ್ಲದ ಕಡೆ, ಶತ್ರುವಿನ ಊರಲ್ಲಿ, ತೋಟಕ್ಕೆ ನೀರು ಹಾಯಿಸುತ್ತಾ ದೇವರನ್ನು ಹುಡುಕಬೇಕಾದವರು. ‘ತಕ್ಷಣ’ ಎಂದು ಬರೆದು ನೀವು ಹನನ್ಯನ ಕಡೆ ಸೇರಿಬಿಟ್ಟಿರಿ.

ನಾನು ಈ ಕೆಲಸ ಕಲಿತದ್ದು ಅಚ್ಚುಮೊಳೆಗಳ ಕಾಲದಲ್ಲಿ. ಆಗಿನ ಸಂಪಾದಕರು ನಿವೃತ್ತ ಸಭಾಪಾಲಕರು. ಕರಡು ತಿದ್ದಲು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ವಚನ ಬಂದಲ್ಲೆಲ್ಲ ಒಂದೇ ಪ್ರಶ್ನೆ: ‘ಯಾರು ಯಾರಿಗೆ ಹೇಳಿದ್ದಪ್ಪಾ?’ ಉತ್ತರ ಇಲ್ಲದಿದ್ದರೆ ಆ ಸಾಲಿನ ಮೊಳೆ ಬಿಚ್ಚಿಸುವವರು. ಮೊಳೆ ಜೋಡಿಸುವವನ ಬೈಗುಳ ಮಾತ್ರ ನನಗೆ. ಊಟಕ್ಕೆ ಕೂತಾಗಲೂ ಅಧ್ಯಾಯವನ್ನು ಮೊದಲಿಂದ ಓದಿಸುತ್ತಿದ್ದರು. ನನ್ನ ಹಳೇ ಬೈಬಲ್ಲಿನ ಪ್ರವಾದಿಗಳ ಮೇಲೆಲ್ಲ ಸಾರಿನ ಕಲೆ ಇದೆ.

ಇನ್ನು ನಾಲ್ಕನೇ ಪ್ಯಾರಾ. ‘ನಾನು ಹುಡುಕಿದೆ. ನಾನು ಅಲೆದೆ. ನಾನು ಬೆಟ್ಟ ಹತ್ತಿದೆ. ಕೊನೆಗೆ ನಾನು ಕಂಡೆ.’ ಅಷ್ಟು ಹೊತ್ತು ದೇವರು ಏನು ಮಾಡುತ್ತಿದ್ದ? ಬೆಟ್ಟದ ಮೇಲೆ ಸುಮ್ನೆ ಕೂತಿದ್ದನಾ? ಲೂಕ 15 ತೆಗೆಯಿರಿ, ಯೇಸು ಹೇಳಿದ ಕಥೆಗಳು. ಅಲ್ಲಿ ಕುರುಬ ಕುರಿಯನ್ನು ಹುಡುಕಿಕೊಂಡು ಹೋಗುತ್ತಾನೆ. ನಾಣ್ಯ ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆ ಗುಡಿಸುತ್ತಾಳೆ. ಮನೆ ಬಿಟ್ಟು ಹೋಗಿದ್ದ ಮಗ ಊರಿಗೆ ಹೊರಟದ್ದು ಹೊಟ್ಟೆಗಿಲ್ಲದೆ. ಅವನನ್ನು ದೂರದಿಂದಲೇ ಕಂಡು ಓಡಿದವನು ಅಪ್ಪ. ಇದನ್ನು ಬಿಟ್ಟು ಬರೆದರೆ ಅದು ಯಾವ ಧರ್ಮದ ಹುಡುಕಾಟವಾದರೂ ಆಗಬಹುದು, ಅಲ್ವಾ?

ಅದೇ ಪ್ಯಾರಾದಲ್ಲಿ ಹಳೇ ಕಾಲದ ಕ್ರೈಸ್ತ ಗುರು ಅಗಸ್ಟೀನನನ್ನು ‘ಮಹಾನ್ ಸತ್ಯಾನ್ವೇಷಕ’ ಎಂದಿದ್ದೀರಿ. ನನಗೆ ಶುದ್ಧತೆ ಕೊಡು, ಆದರೆ ಈಗಲೇ ಬೇಡ ಎಂದು ಪ್ರಾರ್ಥಿಸಿದ್ದೆನೆಂದು ತಾನೇ ಬರೆದುಕೊಂಡವನು ಅವನು. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅಳುತ್ತಾ ಬಿದ್ದಿದ್ದಾಗ, ಪಕ್ಕದ ಮನೆ ಕಡೆಯಿಂದ ‘ತೆಗೆದು ಓದು’ ಎನ್ನುವ ಮಗುವಿನ ದನಿ ಕೇಳಿ ಎದ್ದ. ಅವನಲ್ಲಿ ಹುಡುಕಿದ್ದಕ್ಕಿಂತ ತಪ್ಪಿಸಿಕೊಂಡದ್ದೇ ಜಾಸ್ತಿ. ಆ ಓಟವನ್ನು ಬಿಟ್ಟು ಬಿರುದು ಮಾತ್ರ ಯಾಕೆ ಕೊಟ್ಟಿರಿ?

ಏಳನೇ ಪ್ಯಾರಾದಲ್ಲಿ ಮಾತ್ರ ನಾನು ನೆಟ್ಟಗೆ ಕೂತೆ. ‘ಅಪ್ಪನ ಆಪರೇಷನ್ ದಿನ ನನಗೆ ಪ್ರಾರ್ಥನೆ ಬರಲಿಲ್ಲ. ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದೆ.’ ಮುಂದಿನ ಸಾಲಲ್ಲೇ ‘ಆದರೂ ದೇವರ ಶಾಂತಿ ನನ್ನನ್ನು ಆವರಿಸಿತು’ ಎಂದು ಜಾರಿಕೊಂಡಿರಿ. ಯಾವಾಗ ಆವರಿಸಿತು? ಇಡ್ಲಿ ತಿನ್ನುವಾಗಲೋ, ಬಿಲ್ ಕೊಡುವಾಗಲೋ? ಸಾಕ್ಷಿ ಹೇಳಲು ನಿಂತವರು ಕೊನೆಗೆ ಸ್ತೋತ್ರ ಅಂದೇ ಕೂರಬೇಕೆಂಬ ರೂಢಿ ನಮ್ಮ ಸಭೆಗಳಲ್ಲಿದೆ. ಬೈಬಲ್ಲಿಗೆ ಆ ಅವಸರ ಇಲ್ಲ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅದಕ್ಕೆ ಯಾರೂ ಸಮಾಧಾನದ ಸಾಲು ಅಂಟಿಸಲಿಲ್ಲ. ದಿನವೂ ಕೂಗಿಕೊಂಡು ಉತ್ತರ ಸಿಗದವನ ಹಾಡನ್ನೂ ಜನ ಪ್ರಾರ್ಥನೆ ಎಂದೇ ಉಳಿಸಿಕೊಂಡರು.

ಉಳಿದ ಪ್ಯಾರಾಗಳ ಬಗ್ಗೆ ಏನೂ ಹೇಳುವುದಿಲ್ಲ. ಈ ತಿಂಗಳ ಸಂಚಿಕೆಗೆ ಲೇಖನ ತೆಗೆದುಕೊಳ್ಳುತ್ತಿಲ್ಲ. ಮತ್ತೆ ಬರೆಯುವುದಾದರೆ ಆಸ್ಪತ್ರೆಯಿಂದಲೇ ಶುರು ಮಾಡಿ. ವಚನ ಬೇಕೆನಿಸಿದರೆ ಒಂದು ಸಾಕು, ಅಧ್ಯಾಯ ಪೂರ್ತಿ ಓದಿ ಹಾಕಿ. ಅಂದಹಾಗೆ, ಇಡೀ ಲೇಖನದಲ್ಲಿ ಅಪ್ಪ ಆಮೇಲೆ ಹೇಗಿದ್ದಾರೆ ಎನ್ನುವುದು ಎಲ್ಲೂ ಇಲ್ಲ. ಲೇಖನಕ್ಕೆ ಬೇಡದಿದ್ದರೂ ನನಗೊಂದು ಕಾರ್ಡ್ ಹಾಕಿ.

ಇಂತಿ,
ಸಂಪಾದಕ