ಬಿದ್ರಿ ಅಂಗಡಿಯ ಪುಟ ಹುಡುಕಿದರೆ ಸಿಗುತ್ತಿಲ್ಲ: ಪ್ರತಿಕ್ರಿಯೆ

ಬೀದರಿನ ನಿಮ್ಮ ಬಿದ್ರಿ ಅಂಗಡಿಯ ಕನ್ನಡ ಪುಟ ಗೂಗಲ್‌ನಲ್ಲೂ ಚಾಟ್‌ಜಿಪಿಟಿಯಲ್ಲೂ ಸಿಗದಿರಲು ಕಾರಣ ಬಹುಶಃ ಹಳೆಯ ನುಡಿ ಫಾಂಟ್. ಪುಟದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದೇ ತೊಂದರೆ. ಸರ್ಚ್ ಎಂಜಿನ್ ಓದುವುದೂ ಅದನ್ನೇ ಅಲ್ವಾ? ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ ಬದಲಿಸಿ. ಬದಲಿಸುವಾಗ ಒತ್ತಕ್ಷರ ಕೆಡುವುದುಂಟು, ಒಮ್ಮೆ ಓದಿ ತಿದ್ದಿ. ಸಾಲನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಚಿತ್ರ. ಟೈಪ್ ಮಾಡಿಯೇ ಹಾಕಬೇಕು.

ಆಮೇಲೆ ಗಿರಾಕಿಗಳು ಕೇಳುವುದನ್ನು ಬರೆಯಿರಿ: ಸತು-ತಾಮ್ರದ ಮೇಲೆ ಬೆಳ್ಳಿ ಕೂರಿಸುವ ಬಗೆ, ಕೋಟೆಯ ಮಣ್ಣಿನಿಂದ ಬರುವ ಕಪ್ಪು, ಬೆಲೆ. ಸುಮ್ನೆ ‘ಬಿದ್ರಿ ಬಿದ್ರಿ’ ಅಂತ ತುಂಬಬೇಡಿ. ಎಐ ಉತ್ತರದಲ್ಲಿ ಹೆಸರು ಬರುವ ಖಾತ್ರಿ ಯಾರೂ ಕೊಡಲಾರರು, ಆದರೆ ಓದಲು ಬರುವ ಪುಟಕ್ಕೆ ಅವಕಾಶ ಜಾಸ್ತಿ. ಕೊನೆಗೆ ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಸೈಟ್ ಮಾಲೀಕರ ಸಾಧನದಲ್ಲಿ ಪುಟದ ವಿಳಾಸ ಹಾಕಿ, ಇಂಡೆಕ್ಸಿಂಗ್‌ಗೆ (ಹುಡುಕಾಟದ ಪಟ್ಟಿಗೆ ಸೇರಿಸಲು) ಕೋರಿ.