ನರ್ಸಿಂಗ್ ಓದಿದವಳು ಕಾಲು ತೊಳೆಯಬೇಕೇ?

ಪ್ರಶ್ನೆ: ನನ್ನ ಮಗಳು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಈಗ ಅಮೆರಿಕದ ಬೋಸ್ಟನ್ನಿನಲ್ಲಿ ಕೆಲಸದಲ್ಲಿದ್ದಾಳೆ. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿದ್ದವಳು ಹೋದ ವರ್ಷ ಅದನ್ನು ಬಿಟ್ಟು, ಮನೆಯಿಲ್ಲದೆ ಬೀದಿಯಲ್ಲಿ ಮಲಗುವ ಮಾಜಿ ಸೈನಿಕರನ್ನು ನೋಡಿಕೊಳ್ಳುವ ಕ್ಲಿನಿಕ್ಕಿಗೆ ಸೇರಿದ್ದಾಳೆ. ಅರ್ಧ ದಿನ ಅವರ ಕಾಲು ತೊಳೆಯುವುದರಲ್ಲೇ ಕಳೆಯುತ್ತದೆ ಎಂದು ಫೋನಿನಲ್ಲಿ ನಗುತ್ತಾ ಹೇಳುತ್ತಾಳೆ. ಸಾಲ ಮಾಡಿ ಓದಿಸಿದ್ದು ಇದಕ್ಕೇನಾ ಎಂದು ಅವಳ ತಂದೆಗೆ ಬೇಸರ. ಇದು ನರ್ಸ್ ಮಾಡುವ ಕೆಲಸವೇ? ಸೈನ್ಯದಲ್ಲಿದ್ದ ನನ್ನ ಅಣ್ಣ ಪಿಂಚಣಿಯಲ್ಲಿ ನೆಮ್ಮದಿಯಾಗಿದ್ದಾರೆ. ಅಷ್ಟು ಶ್ರೀಮಂತ ದೇಶದ ಸೈನಿಕ ಬೀದಿಗೆ ಬೀಳುವುದಾದರೂ ಹೇಗೆ?
— ಒಬ್ಬ ತಾಯಿ, ಪುತ್ತೂರು

ಉತ್ತರ: ತಾಯಿ, ಇದು ನರ್ಸ್ ಮಾಡುವ ಕೆಲಸವೇ ಹೌದು, ಅದರಲ್ಲೂ ಕಲಿತ ಕೈಯೇ ಮಾಡಬೇಕಾದ ಕೆಲಸ. ನಿಮ್ಮ ಮಗಳಿರುವ ಊರಿನಲ್ಲಿ ಇದಕ್ಕೊಂದು ಪರಂಪರೆಯೂ ಇದೆ. ಬೋಸ್ಟನ್ನಿನ ಪೈನ್ ಸ್ಟ್ರೀಟ್ ಇನ್ ಎಂಬ ವಸತಿಹೀನರ ತಂಗುದಾಣದಲ್ಲಿ ನರ್ಸುಗಳೇ ನಡೆಸುತ್ತಿದ್ದ ಕ್ಲಿನಿಕ್ ಇತ್ತು. 1985ರಲ್ಲಿ ಜಿಮ್ ಒಕಾನೆಲ್ ಎಂಬ ಯುವ ವೈದ್ಯರು ದೊಡ್ಡ ಆಸ್ಪತ್ರೆಯ ತರಬೇತಿ ಮುಗಿಸಿ ಅಲ್ಲಿಗೆ ಬಂದಾಗ, ಬಾರ್ಬರಾ ಮ್ಯಾಕಿನ್ನಿಸ್ ಎಂಬ ನರ್ಸ್ ಅವರ ಸ್ಟೆತಸ್ಕೋಪನ್ನು ಬದಿಗಿಡಿಸಿ, ಬಂದವರ ಕಾಲುಗಳನ್ನು ನೀರಿನಲ್ಲಿ ನೆನೆಸುವ ಕೆಲಸಕ್ಕೆ ಹಚ್ಚಿದರು. ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೂ ಒಪ್ಪದಿದ್ದ ಒಬ್ಬ ಮುದುಕ, ಊದಿದ ಕಾಲುಗಳನ್ನು ವಾರಗಟ್ಟಲೆ ಅವರ ಕೈಗೊಪ್ಪಿಸಿ ಕುಳಿತ ಮೇಲೆ, ಒಂದು ದಿನ ತಾನಾಗಿಯೇ ಮಾತನಾಡಿಸಿ ಔಷಧಿಗೆ ಒಪ್ಪಿದ ಪ್ರಸಂಗವನ್ನು ಒಕಾನೆಲ್ ಹೇಳಿಕೊಂಡಿದ್ದಾರೆ. ಮ್ಯಾಕಿನ್ನಿಸ್ 2003ರಲ್ಲಿ ತೀರಿಕೊಂಡರು. ಆಸ್ಪತ್ರೆಯಿಂದ ಬಿಡುಗಡೆಯಾದರೂ ಚೇತರಿಸಿಕೊಳ್ಳಲು ಮನೆಯಿಲ್ಲದವರಿಗಾಗಿ ಅಲ್ಲಿರುವ 104 ಹಾಸಿಗೆಗಳ ಆರೈಕೆ ಕೇಂದ್ರಕ್ಕೆ ಅವರದೇ ಹೆಸರಿದೆ.

ಸೈನಿಕರ ವಿಷಯದಲ್ಲಿ ಕಾಲಿನ ಆರೈಕೆಗೆ ಇನ್ನೂ ಹಳೆಯ ಚರಿತ್ರೆಯಿದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಒದ್ದೆ ಬೂಟಿನಲ್ಲಿ ದಿನಗಟ್ಟಲೆ ನಿಂತವರ ಪಾದಗಳು ಮಂಜುಗಡ್ಡೆ ಕಟ್ಟುವಷ್ಟು ಚಳಿಯಿಲ್ಲದಿದ್ದರೂ ರಕ್ತಸಂಚಾರ ಕುಗ್ಗಿ, ನರಗಳು ಕೆಟ್ಟು, ಕೊಳೆಯತೊಡಗುತ್ತಿದ್ದವು. ಇದಕ್ಕೆ ಟ್ರೆಂಚ್ ಫುಟ್, ಅಂದರೆ ಕಂದಕದ ಪಾದ, ಎಂದೇ ಹೆಸರು ಬಿತ್ತು. ಆಗ ಅಧಿಕಾರಿಗಳು ಸಿಪಾಯಿಗಳ ಬೂಟು ಬಿಚ್ಚಿಸಿ ಪಾದ ಪರೀಕ್ಷಿಸುವುದೂ, ಒಣ ಕಾಲುಚೀಲ ಹಾಕಿಸುವುದೂ, ತಿಮಿಂಗಿಲದ ಎಣ್ಣೆ ಹಚ್ಚಿಸುವುದೂ ಸೈನ್ಯದ ಶಿಸ್ತಿನ ಭಾಗವಾದವು. ಕಳುವಿನ ಭಯಕ್ಕೆ ರಾತ್ರಿಯೂ ಬೂಟು ಬಿಚ್ಚದೆ, ಹಿಮ ಕರಗಿದ ನೀರಿನಲ್ಲಿ ನೆನೆದ ಕಾಲುಚೀಲದಲ್ಲೇ ಮಲಗುವ ಇಂದಿನ ಮಾಜಿ ಸೈನಿಕನ ಪಾದವೂ ಅದೇ ಸ್ಥಿತಿಗೆ ಬರುತ್ತದೆ. ಬೂಟು ಬಿಚ್ಚಿಸಿ ನೋಡುವ ಮೇಲಧಿಕಾರಿ ಮಾತ್ರ ಈಗ ಅವನಿಗಿಲ್ಲ.

ನೀರು ತುಂಬಿದ ಬೋಗುಣಿಯ ಮುಂದೆ ಕುಳಿತ ನರ್ಸ್ ಸುಮ್ಮನೆ ಉಜ್ಜುತ್ತಿರುವುದಿಲ್ಲ. ಮೊದಲು ನೀರಿನ ಬಿಸಿಯನ್ನು ತನ್ನ ಕೈಯಿಂದ ನೋಡುತ್ತಾಳೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವನಿಗೆ ಸುಟ್ಟರೂ ತಿಳಿಯದು. ಬೆರಳ ಸಂದುಗಳನ್ನು ಒರೆಸುವಾಗ, ಅವನಿಗೇ ಗೊತ್ತಿಲ್ಲದ ಗಾಯ, ಕಪ್ಪಾದ ಬೆರಳು, ಹೃದಯ ಸೋತದ್ದನ್ನು ಹೇಳುವ ಬಾವು ಅವಳ ಕಣ್ಣಿಗೆ ಬೀಳುತ್ತವೆ. ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಗೂ ಒಂದು ಜಾಣ್ಮೆ ಬೇಕು. ನೀವು ಮಾಜಿ ಸೈನಿಕರೇ ಎಂದರೆ, ಯುದ್ಧಭೂಮಿ ಕಾಣದವರೂ ಅನೇಕ ಮಹಿಳೆಯರೂ ಅಲ್ಲವೆಂದುಬಿಡುತ್ತಾರೆ; ಎಂದಾದರೂ ಸೈನ್ಯದಲ್ಲಿ ಕೆಲಸ ಮಾಡಿದ್ದಿರಾ ಎಂದರೆ ಹೌದೆನ್ನುತ್ತಾರೆ. ಸಕ್ಕರೆ ಕಾಯಿಲೆಯ ಮುದುಕನೊಬ್ಬ ವಿಯೆಟ್ನಾಂ ಹೆಸರೆತ್ತಿದನೆಂದರೆ ಅದು ಬರಿಯ ನೆನಪಲ್ಲ. ಅಲ್ಲಿ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಸಸ್ಯನಾಶಕಕ್ಕೂ ಎರಡನೆಯ ಬಗೆಯ ಸಕ್ಕರೆ ಕಾಯಿಲೆಗೂ ನಂಟಿದೆಯೆಂದು 2001ರಿಂದ ಅಮೆರಿಕ ಸರ್ಕಾರವೇ ಒಪ್ಪಿರುವುದರಿಂದ, ಅವನು ಪರಿಹಾರಕ್ಕೆ ಅರ್ಜಿ ಹಾಕಬಹುದು, ಮತ್ತು ಆ ಹಣದಿಂದ ಒಂದು ಕೋಣೆಯ ಬಾಡಿಗೆಯಾದರೂ ಹುಟ್ಟಬಹುದು.

ನಿಮ್ಮ ಅಣ್ಣನವರ ವಿಷಯ. ನಮ್ಮ ಜವಾನರಿಗೆ 15 ವರ್ಷ ಸೇವೆಯಾದರೆ ಪಿಂಚಣಿ ಉಂಟು. ಅಮೆರಿಕದಲ್ಲಿ ನಿವೃತ್ತಿ ವೇತನಕ್ಕೆ ಸಾಮಾನ್ಯವಾಗಿ 20 ವರ್ಷ ಬೇಕು, ಬಹುಪಾಲು ಜನ ಅದಕ್ಕೆ ಬಹಳ ಮೊದಲೇ ಹೊರಬರುತ್ತಾರೆ. ಅಂಗವೈಕಲ್ಯದ ಪರಿಹಾರಕ್ಕೆ ದಾಖಲೆ ಒದಗಿಸಬೇಕು, ಶಿಸ್ತು ಉಲ್ಲಂಘನೆಯ ಕಾರಣಕ್ಕೆ ಹೊರಹಾಕಲ್ಪಟ್ಟವರಿಗೆ ಹಲವು ಸೌಲಭ್ಯಗಳೇ ತಪ್ಪಿಹೋಗುತ್ತವೆ. ಯುದ್ಧದ ಆಘಾತವನ್ನು ಮರೆಯಲು ಹಿಡಿದ ಕುಡಿತ, ಒಡೆದ ಸಂಸಾರ, ಏರುತ್ತಿರುವ ಬಾಡಿಗೆ ಇವೆಲ್ಲ ಸೇರಿದಾಗ ಬೀದಿ ದೂರವೇನಲ್ಲ. ಆದರೂ ಪರಿಸ್ಥಿತಿ ಕೈಮೀರಿಲ್ಲ. ಬಾಡಿಗೆಯ ನೆರವನ್ನೂ ಆರೈಕೆಯನ್ನೂ ಜೋಡಿಸಿ ಕೊಡುವ ಸರ್ಕಾರಿ ಯೋಜನೆಯನ್ನು 2008ರಿಂದ ಹಿಗ್ಗಿಸಿದ್ದರಿಂದ, 2010ರಲ್ಲಿ ಸುಮಾರು 74,000 ಇದ್ದ ವಸತಿಹೀನ ಮಾಜಿ ಸೈನಿಕರ ಸಂಖ್ಯೆ 2024ರ ಗಣತಿಯಲ್ಲಿ 32,882ಕ್ಕೆ ಇಳಿದಿತ್ತು. ಆ ನೆರವು ಅಲ್ಲಿದೆಯೆಂದು ಬೀದಿಯಲ್ಲಿರುವವನಿಗೆ ತಿಳಿಸಿ, ಕಚೇರಿಯವರೆಗೆ ಕರೆತರುವ ಮನುಷ್ಯರು ಬೇಕು. ಸರ್ಕಾರದ ಹೆಸರೆತ್ತಿದರೇ ಎದ್ದುಹೋಗುವವನು, ತನ್ನ ಕಾಲು ಮುಟ್ಟಿದವರ ಮಾತನ್ನಾದರೂ ಕೇಳುತ್ತಾನೆ.

ನಮ್ಮಲ್ಲಿ ಕಾಲು ತೊಳೆಯುವುದು ಮನೆಗೆ ಬಂದ ಹಿರಿಯರಿಗೂ ಮದುವೆಯ ದಿನದ ಅಳಿಯನಿಗೂ ಸಲ್ಲುವ ಮರ್ಯಾದೆ. ಸಂಬಳಕ್ಕೆ ತೊಳೆದರೆ ಮಾತ್ರ ಅದು ಕೀಳು ಕೆಲಸವೆನಿಸುತ್ತದೆ. ಯಜಮಾನರ ಬೇಸರ ಅಲ್ಲಿಂದ ಬಂದದ್ದೆಂದು ನನ್ನ ಊಹೆ, ಅವರನ್ನು ದೂರುವುದಿಲ್ಲ.

ನೀವು ಚಿಂತಿಸಲೇಬೇಕಾದ ವಿಷಯ ಬೇರೆ. ಬೀದಿಯಲ್ಲಿ ಬದುಕುವವರು ಬೇಗ ಸಾಯುತ್ತಾರೆ. ತಿಂಗಳುಗಟ್ಟಲೆ ಕಾಲು ಒರೆಸಿ, ಚೀಲ ತೊಡಿಸಿ, ಅರ್ಜಿ ಬರೆದುಕೊಟ್ಟವನು ಮಂಜೂರಾತಿ ಬರುವ ಮೊದಲೇ ಹೋಗಿಬಿಡುವುದುಂಟು. ಅವನಿಗಾಗಿ ಅಳಲು ನರ್ಸನ್ನು ಬಿಟ್ಟರೆ ಯಾರೂ ಇರದಿರುವುದೂ ಉಂಟು. ಅಂಥ ದಿನ ನಿಮ್ಮ ಮಗಳು ಫೋನ್ ಮಾಡಿದರೆ ಅವಳಿಗೆ ಮಾತನಾಡಲು ಬಿಡಿ. ಸಾಲದ ಕಂತಿನ ವಿಚಾರವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.